ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದವಳು

ಬಿಟಿಎಂ ಲೇಔಟಿನ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಧಾರವಾಡದ ಕಡೆಯವಳು. ಇಂಟರ್‌ನೆಟ್‌ನಲ್ಲಿ ಪರಿಚಯವಾದ ಗಂಡಸರನ್ನು ನಂಬಿ ಹುಡುಗಿಯರು ಅಪಾಯಕ್ಕೆ ಸಿಲುಕುವ ಥ್ರಿಲ್ಲರ್ ಕಾದಂಬರಿಗಳೆಂದರೆ ಅವಳಿಗೆ ಪ್ರಾಣ. ಜಡೆಯ ತುದಿ ಕಚ್ಚಿಕೊಂಡು ಓದುತ್ತ, ಇದ್ದಕ್ಕಿದ್ದಂತೆ ನಾಯಕಿಗೆ "ಏ ಹುಚ್ಚಿ, ಹೋಗಬ್ಯಾಡ!" ಎಂದು ಕೂಗುತ್ತಿದ್ದಳು. ನಾನು ನಗುತ್ತಿದ್ದೆ.

ಚಾಟಿಂಗ್‌ನಲ್ಲಿ ಪರಿಚಯವಾದ ಒಬ್ಬನನ್ನು ನೋಡಲು ನಾನು ಮೊದಲ ಸಲ ಜಯನಗರದ ಹೋಟೆಲಿಗೆ ಹೊರಟಾಗ, ಬೇಡವೆಂದರೂ ಜೊತೆಗೆ ಬಂದಳು. ಪಕ್ಕದ ಟೇಬಲ್ಲಿನಲ್ಲಿ ಪುಸ್ತಕ ತೆರೆದು ಕೂತವಳು ಒಂದು ಪುಟವನ್ನೂ ತಿರುವಲಿಲ್ಲ. ಅವನು ಸೊಗಸಾಗಿ ಮಾತಾಡಿದ. ಕಾಫಿ ಮುಗಿದ ಮೇಲೆ, "ಇಲ್ಲಿ ತುಂಬಾ ಗಲಾಟೆ. ಕಾರಲ್ಲಿ ಒಂದ್ ರೌಂಡ್ ಹೋಗ್ಬರೋಣ, ಮೊಬೈಲ್ ಆಫ್ ಮಾಡ್ಬಿಡಿ," ಎಂದ. ನಾನು ಮೊಬೈಲ್ ಕೈಗೆತ್ತಿಕೊಂಡೆ.

ಅವಳು ಎದ್ದುಬಂದು ನನ್ನ ಪಕ್ಕ ಕೂತಳು. "ನಮಸ್ಕಾರ್ರಿ. ನಾ ಇಕಿ ಅಕ್ಕ ಆಗ್ಬೇಕು. ನಿಮ್ಮ ಮನಿ ನಂಬರ್ ಕೊಡ್ರಿ, ನಿಮ್ಮ ತಾಯಿಯವ್ರ ಕೂಡ ಮಾತಾಡ್ತೀನಿ."

"ಅಯ್ಯೋ, ಮನೆಗ್ ಫೋನ್ ಮಾಡ್ಬೇಡಿ! ಹೆಂಡ್ತಿ ಎತ್ತಿದ್ರೆ..." ಅವನ ಬಾಯಿಂದ ಜಾರಿಬಿಟ್ಟಿತು. ಮರುಕ್ಷಣ ಅವನು ಎದ್ದು ಹೊರಗೆ ಹೋದ.

ನಾನು ನಿಟ್ಟುಸಿರುಬಿಟ್ಟು ಅವಳ ಕೈ ಹಿಡಿದೆ. ಅವಳು ಇನ್ನೂ ಬಾಗಿಲ ಕಡೆಯೇ ನೋಡುತ್ತಿದ್ದಳು.

"ಪುಸ್ತಕದಾಗಾದ್ರ ಹೆದರಿಕಿ ಆದಾಗ ಮುಚ್ಚಿಡಬಹುದು ನೋಡು," ಎಂದಳು. ಇಬ್ಬರಿಗೂ ತಡೆಯಲಾಗದ ನಗು ಬಂತು. ಸಪ್ಲೈಯರ್ ಓಡಿಬಂದ.

"ಎರಡು ಮಸಾಲಿ ದೋಸಿ ತರ್ರೀ," ಎಂದಳು ಅವಳು. "ಭಾಳ ಹಸಿವಾಗೇದ."