ಹಿಂದಿನ ಸೀಟಿನಿಂದ ಕರೆದದ್ದು

ಕ್ಯಾಸೆಟ್ ಕಾಲದ ಮಾತು. ಕಲಬುರ್ಗಿಯ ರೋಜಾ ಬಡಾವಣೆಯಲ್ಲಿ ನನ್ನದು ಗಾಡಿಗಳ ಆಂಪ್ಲಿಫೈಯರ್ ರಿಪೇರಿ ಅಂಗಡಿ. ಹಳೆಯದನ್ನು ಹೊಸದರ ಹಾಗೆ ಮಾಡಿ ಕೊಡುವಾಗ ಎಲ್ಲರಿಗೂ ಒಂದೇ ಜಂಬದ ಮಾತು ಹೇಳುತ್ತಿದ್ದೆ: "ಹಚ್ಚಿ ನೋಡ್ರಿ, ಗಾಡ್ಯಾಗ ಕುಂತವರ ಮಾತ ಸೈತ ಕೇಳಂಗಿಲ್ಲ."

ಹಾಗೆ ಮಾಡಿಸಿಕೊಂಡು ಹೋಗಿದ್ದ ಕಮಲಾಪುರದ ಜೀಪ್ ಡ್ರೈವರ್ ಒಬ್ಬ ತಿಂಗಳೊಳಗೆ ಮತ್ತೆ ಬಂದ. ತಲೆ ಬೋಳಿಸಿಕೊಂಡಿದ್ದ.

"ಏನ್ ಕೆಟ್ಟದ?"

"ಏನೂ ಕೆಟ್ಟಿಲ್ರಿ. ಆವಾಜ್ ಕಮ್ಮಿ ಮಾಡಿ ಕೊಡ್ರಿ."

ನನಗೆ ಸಿಟ್ಟು ಬಂತು. "ವಾಲ್ಯೂಮ್ ತಿರುವಿದ್ರ ಕಮ್ಮಿ ಆಗ್ತದಲ್ಲೋ! ಅದಕ್ಕ ಇಲ್ಲಿತನಕ ಬಂದೀಯೇನು?"

"ಆವತ್ತ ತಿರುವಲಿಲ್ರಿ ನಾ. ಅಪ್ಪನ್ನ ದವಾಖಾನಿಗಿ ಕರ್ಕೊಂಡ್ ಹೊಂಟಿದ್ದೆ. ಬರೇ ಕೆಮ್ಮಿತ್ತು. ಹಿಂದಿನ ಸೀಟಿನ್ಯಾಗ ಮಲಗಿದ್ದ. ಖುಷಿ ಆಗ್ತಾನಂತ ಭಜನಿ ಜೋರಾಗಿ ಹಚ್ಚಿದ್ದೆ. ಕಲಬುರ್ಗಿಗಿ ಬಂದು ನೋಡಿದ್ರ ಜೀವ ಹೋಗಿತ್ತು. ನೀರ ಕೇಳಿರಬೇಕ್ರಿ. ಬಾಟ್ಲಿ ನನ್ನ ಬಾಜೂಕೇ ಇತ್ತು."

ನಾನು ಆಂಪ್ಲಿಫೈಯರ್ ಬಿಚ್ಚಿದೆ. ವಾಲ್ಯೂಮ್ ಎಷ್ಟು ತಿರುವಿದರೂ ದನಿ ಏರದ ಹಾಗೆ ಮಾಡಿ, ಜೀಪಿಗೆ ಜೋಡಿಸಿದೆ. ಅವನು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಮುಂದೆ ಕೂತು ಭಜನೆ ಹಚ್ಚಿದ.

"ಮೆಲ್ಲಕ ಕರೀರಿ."

ಏನಂತ ಕರೆಯಲಿ? "ತಮ್ಮಾ," ಅಂದೆ.

ಗಕ್ಕನೆ ತಿರುಗಿದ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

ಹೋಗುವಾಗ, "ಮೊದಲ ಮಾಡಿದ್ದೂ ಛಲೋನೇ ಇತ್ರಿ. ನೀವು ಹೇಳಿದಂಗೇ ಇತ್ತು," ಅಂದ.

ಬೈದಿದ್ದರೆ ನಾನೂ ನಾಲ್ಕು ಮಾತು ಅನ್ನುತ್ತಿದ್ದೆ, ಬಾಯಿ ನನಗೇನು ಕಮ್ಮಿಯಿಲ್ಲ. ಪುಣ್ಯಾತ್ಮ, ಹೊಗಳಿ ಹೋದ.