ಅಪ್ಪನ ನೆರಳುಗಡಿಯಾರ

ಹಿತ್ತಾಳೆಯ ಡಬ್ಬಿಯ ಮುಚ್ಚಳ ತೆರೆದರೆ ಮಡಚಿಟ್ಟ ಪುಟ್ಟ ತ್ರಿಕೋನವೊಂದು ಎದ್ದು ನಿಲ್ಲುತ್ತದೆ. ಅದರ ತುದಿ ತುಸು ಸವೆದಿದೆ. ಕೆಳಗೆ ದಿಕ್ಸೂಚಿ, ಸುತ್ತಲೂ ಗಂಟೆಯ ಅಂಕಿಗಳು. ಹಿಂದೆ ಪ್ರಯಾಣಿಕರು ಜೇಬಿನಲ್ಲಿ ಒಯ್ಯುತ್ತಿದ್ದಂಥ ನೆರಳುಗಡಿಯಾರ.

ಗಲ್ಫಿನ ರುವೈಸ್ ಪಟ್ಟಣದ ಕಂಪನಿಯೊಂದರಲ್ಲಿ ಗುಮಾಸ್ತರಾಗಿ ಸೇರಿದ ಹೊಸತರಲ್ಲಿ ಅಪ್ಪ ಅದನ್ನು ದುಬೈಯ ಅಂಗಡಿಯೊಂದರಲ್ಲಿ ಕೊಂಡಿದ್ದರು. ಮಧ್ಯಾಹ್ನ ಹೆಚ್ಚುಕಡಿಮೆ ಸರಿ, ಸಂಜೆಯಾದರೆ ಸುಳ್ಳು. ಈಗ ನಿವೃತ್ತರಾಗಿ, ರಾತ್ರಿಯ ವಿಮಾನದಲ್ಲಿ ಅಮ್ಮನೊಂದಿಗೆ ಊರಿಗೆ ಮರಳುವವರು ದುಬೈಯ ಅಲ್ ಕುಸೈಸ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಅದನ್ನು ಬಿಸಾಡುವ ಸಾಮಾನಿನ ಜೊತೆ ಇಟ್ಟರು.

"ಅಂಗಡಿಯವ ನಿಮ್ಮ ಮುಖ ನೋಡಿಯೇ ಕೊಟ್ಟದ್ದು ಮಾರಾಯ್ರೆ," ಎಂದು ಅಮ್ಮ ನಕ್ಕರು. ಎಷ್ಟೋ ವರ್ಷಗಳ ತಮಾಷೆ ಅದು. ಅಪ್ಪ ನಗಲಿಲ್ಲ. "ಖಲಾಸ್. ಮೋಸಹೋದದ್ದನ್ನು ಊರಿಗೆ ಎಂತಕ್ಕೆ ಹೊರುವುದು?"

ಆ ಮಾತು ಹೊತ್ತು ಅವರು ಈ ದೇಶ ಬಿಡುವುದು ನನಗೆ ಬೇಕಿರಲಿಲ್ಲ. ನನ್ನನ್ನು ಎಂಜಿನಿಯರಿಂಗ್ ಓದಿಸಿದವರು ಅವರು. ಕೋನಮಾಪಕ ತಂದು ತ್ರಿಕೋನದ ಇಳಿಜಾರು ಅಳೆದೆ. ಆ ಕೋನ ಆಯಾ ಊರಿನ ಅಕ್ಷಾಂಶಕ್ಕೆ ಹೊಂದಬೇಕು; ಇದು ಲಂಡನ್ನಿನ ಅಕ್ಷಾಂಶಕ್ಕೆ ಮಾಡಿದ್ದು. ಇಲ್ಲಿಗೆ ಅದರ ಅರ್ಧದಷ್ಟು ಕೋನ ಸಾಕು. ರಟ್ಟು ಕತ್ತರಿಸಿ ಬೆಣೆ ಮಾಡಿ, ಅಪ್ಪನೊಂದಿಗೆ ತಾರಸಿಗೆ ಹೋಗಿ, ಡಬ್ಬಿಯ ದಕ್ಷಿಣದ ಅಂಚಿನ ಕೆಳಗೆ ಕೊಟ್ಟು ಎತ್ತರಿಸಿದೆ. ನವೆಂಬರ್ ಆರಂಭ. ಆಗ ಇಲ್ಲಿ ಸೂರ್ಯನಿಗೂ ಕೈಗಡಿಯಾರಕ್ಕೂ ಅಂತರ ತೀರಾ ಕಡಿಮೆ, ನನ್ನ ಪುಣ್ಯ.

ನೆರಳು ಮೂರೂವರೆಯ ಗೆರೆಯ ಪಕ್ಕದಲ್ಲಿ ಬಿತ್ತು. ಅಪ್ಪ ಕೈಗಡಿಯಾರ ನೋಡಿದರು. ಮತ್ತೆ ನೆರಳು ನೋಡಿದರು.

"ಹಾಗಾದರೆ ಇದು ಹಾಳಾದದ್ದಲ್ಲವಾ?"

"ಅಲ್ಲ ಅಪ್ಪ. ಬೇರೆ ಊರಿನದ್ದು, ಅಷ್ಟೇ."

ಅವರು ಮೆಟ್ಟಿಲ ಬಳಿ ನಿಂತು ಜೋರಾಗಿ ಕೂಗಿದರು: "ಹೋಯ್, ಬಾ ಇಲ್ಲಿ! ಅಂಗಡಿಯವ ಸಾಚಾ ಮನುಷ್ಯ!"

ಅಮ್ಮ ಏದುಸಿರು ಬಿಡುತ್ತ ಮೇಲೆ ಬಂದರು. "ಅವ ಸಾಚಾ. ನೀವು?"

ಈ ಸಲ ಅಪ್ಪ ನಕ್ಕರು. ಡಬ್ಬಿಯನ್ನು ಪಾಸ್‌ಪೋರ್ಟಿನ ಚೀಲದಲ್ಲಿಟ್ಟುಕೊಂಡರು. ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಕೇಳಿದ್ದು ಒಂದೇ: "ಮಂಗಳೂರಲ್ಲಿ ಇದೇ ಬೆಣೆ ಆಗ್ತದಾ?"

ಆಗುವುದಿಲ್ಲ, ಅಲ್ಲಿಗೆ ಇನ್ನೂ ಎತ್ತರದ್ದು ಬೇಕು ಎಂದೆ.

ಮರುದಿನ ಬೆಳಿಗ್ಗೆ ಮಂಗಳೂರಿನ ಕೋನಕ್ಕೆ ಹೊಸ ಬೆಣೆ ಕತ್ತರಿಸಿ, ಆ ವಾರ ಊರಿಗೆ ಹೊರಟಿದ್ದ ಪಕ್ಕದ ಫ್ಲ್ಯಾಟಿನವರ ಕೈಗೆ ಕೊಟ್ಟು ಕೆಲಸಕ್ಕೆ ಹೋದೆ.