ಹೆಂಡತಿಯ ಕುರ್ಚಿಯಲ್ಲಿ ಒಂದು ವರ್ಷ

ಟೈಲರ್ ಕೈತೋಟದ ಸಂಘಕ್ಕೆ ಹೋದದ್ದು ಗಿಡದ ಮೇಲಿನ ಪ್ರೀತಿಯಿಂದಲ್ಲ, ಹೆಂಡತಿಯ ಕುರ್ಚಿ ಕೈತಪ್ಪಿ ಹೋಗಬಾರದು ಅಂತ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘ ಸೇರುತ್ತಿತ್ತು. ಕೋಣೆಯಲ್ಲಿ ಇದ್ದದ್ದು ಇಪ್ಪತ್ತನಾಲ್ಕು ಕುರ್ಚಿ, ಆದ್ದರಿಂದ ಸಂಘಕ್ಕೂ ಇಪ್ಪತ್ತನಾಲ್ಕೇ ಸದಸ್ಯರು. ಸತತವಾಗಿ ಮೂರು ಸಭೆ ತಪ್ಪಿಸಿದವರ ಹೆಸರು ಹೊಡೆದುಹಾಕಿ, ಹೊರಗೆ ಕಾಯುತ್ತಿರುವವರನ್ನು ಸೇರಿಸಿಕೊಳ್ಳುವುದು ನಿಯಮ. ಅಧ್ಯಕ್ಷೆಯಾಗಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಹತ್ತಿರ ನಿಯಮ ಅಂದರೆ ನಿಯಮ. ಟೈಲರನ ಹೆಂಡತಿ ಹದಿನಾಲ್ಕು ವರ್ಷಗಳಲ್ಲಿ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ. ಕಿಟಕಿ ಪಕ್ಕದ ಕುರ್ಚಿ ಅವಳದು ಅಂತ ಎಲ್ಲರಿಗೂ ಗೊತ್ತಿತ್ತು.

ಮಳೆಗಾಲ ಶುರುವಾದ ವಾರ, ಬಾಲ್ಕನಿಯ ಕುಂಡಗಳಿಗೆ ನೀರು ಹಾಕುತ್ತಿದ್ದವಳ ಕೈಯಿಂದ ಮಗ್ಗು ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಕುಸಿದಳು. ಲಕ್ವ ಅಂದರು ಡಾಕ್ಟರು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಸೋತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಪೂರ್ತಿ ನಿಂತುಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಗಂಟಲವರೆಗೆ ಬಂದು ವಾಪಸಾಗುತ್ತಿತ್ತು.

ಮೂವತ್ತೊಂದು ವರ್ಷದಿಂದ ಆ ಮನೆಯಲ್ಲಿ ಮಾತಿನ ಇಲಾಖೆ ಅವಳದಾಗಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಬಂದವರ ಅಳತೆಯನ್ನು ಟೈಲರ್ ತೆಗೆದುಕೊಂಡರೆ, ಪಕ್ಕದಲ್ಲಿ ಗುಂಡಿ ಹಾಕುತ್ತಾ ಕೂತ ಅವಳು ಅವರ ಕಷ್ಟಸುಖ ತೆಗೆದುಕೊಳ್ಳುತ್ತಿದ್ದಳು. ಅವನದು "ಹೂಂ", "ಬುಧವಾರ ಬನ್ನಿ" ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ಅಂಗಡಿಯಲ್ಲೂ ಮನೆಯಲ್ಲೂ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಎರಡು ಸಭೆ ತಪ್ಪಿಹೋದವು. ಮೂರನೆಯದರ ದಿನ ಟೈಲರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ, ಕಿಟಕಿ ಪಕ್ಕದ ಕುರ್ಚಿಯ ಬೆನ್ನು ಹಿಡಿದು ನಿಂತ.

"ಇದು ಸದಸ್ಯರ ಸಭೆ," ಅಂದರು ಹೆಡ್‌ಮಿಸ್ಟ್ರೆಸ್.

"ಗೊತ್ತು ಮೇಡಂ. ಅವಳ ಬದಲಿಗೆ ನಾನು ಬಂದಿದೀನಿ."

"ಬದಲಿಗೆ ಬರಬಹುದು ಅಂತ ನಿಯಮದಲ್ಲಿ ಇಲ್ವಲ್ಲ."

"ಬರಬಾರದು ಅಂತ ಇದೆಯಾ?"

ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿ ನಿಯಮದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದರು. ಎಲ್ಲೂ ಇರಲಿಲ್ಲ. ಹಿಂದಿನ ಸಾಲಿನಿಂದ ಬಸ್ ಡ್ರೈವರ್, ಸಂಘದಲ್ಲಿ ಗುಲಾಬಿಗೆ ಹೆಸರಾದವನು, ಕೂಗಿ ಹೇಳಿದ: "ಕೂತ್ಕೊಳ್ಳಿ ಟೈಲರಣ್ಣ. ನಿಲ್ಲಿಸಬಾರದು ಅಂತ ಬೋರ್ಡ್ ಇಲ್ಲದ ಕಡೆ ಗಾಡಿ ನಿಲ್ಲಿಸಬಹುದು!"

"ಕೂತ್ಕೊಳ್ಳಿ," ಅಂದರು ಹೆಡ್‌ಮಿಸ್ಟ್ರೆಸ್. "ಆದರೆ ಸುಮ್ಮನೆ ಕೂತರೆ ಆಗಲ್ಲ. ಎಲ್ಲ ಬರ್ಕೊಂಡು ಹೋಗಿ ಮನೇಲಿ ಒಪ್ಪಿಸಬೇಕು."

ಟೈಲರ್ ಜೇಬಿನಿಂದ ಅಳತೆಯ ಪುಸ್ತಕ ತೆಗೆದ. ಯಾರದೋ ಸೊಂಟ ಮೂವತ್ತಾರು, ಉದ್ದ ನಲವತ್ತು ಅಂತ ಬರೆದಿದ್ದರ ಕೆಳಗೆ ಗೊಬ್ಬರದ ವಿಚಾರ ಬರೆದುಕೊಂಡ. ಮಧ್ಯಾಹ್ನ ಹೆಂಡತಿಯ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಓದತೊಡಗಿದ. "ಹಸಿ ಗೊಬ್ಬರವನ್ನು ಬೇರಿಗೆ ತಾಗಿಸಿ ಹಾಕಬೇಕು" ಅಂದದ್ದೇ ತಡ, ಅವಳ ಎಡಗೈ ಮಂಚದ ಪಟ್ಟಿಯ ಮೇಲೆ ಪಟಪಟನೆ ಬಡಿಯಿತು. ಅವನು ತನ್ನ ಅಕ್ಷರವನ್ನೇ ಮತ್ತೆ ಕಣ್ಣಿಗೆ ಹತ್ತಿರ ಹಿಡಿದು ನೋಡಿದ. "ಹಾಕಬಾರದು" ಅಂತಿತ್ತು. ಅವಳು ದಿಂಬಿಗೆ ತಲೆ ಒರಗಿಸಿ ಕಣ್ಣು ಮೇಲೆ ಮಾಡಿದಳು. ಕಾಯಿಲೆ ಬಿದ್ದ ಮೇಲೆ ಆ ಮುಖ ಅವನಿಗೆ ಮೊದಲ ಸಲ ಹಳೆಯ ಮುಖದ ಹಾಗೆ ಕಂಡಿತು.

ಆಮೇಲೆ ಸಭೆಗೆ ಹೋಗಲು ಅವನಿಗೆ ನಿಯಮದ ನೆಪ ಬೇಕಾಗಲಿಲ್ಲ.

ಆಸ್ಪತ್ರೆಯಿಂದ ಮಾತು ಕಲಿಸುವ ಹುಡುಗಿ ವಾರಕ್ಕೊಮ್ಮೆ ಬರುತ್ತಿದ್ದಳು. ದಿನಾ ಬಾಯಲ್ಲಿದ್ದ ಪದದಿಂದ ಶುರು ಮಾಡೋಣ ಅಂದಳು. ಹಾಗಾದರೆ "ರೀ" ಅಂತ ಟೈಲರ್ ನಾಚಿಕೊಂಡು ಹೇಳಿದ. ಒಂದೇ ಅಕ್ಷರ, ಮೂವತ್ತೊಂದು ವರ್ಷ ಮೆಟ್ಟಿಲ ಮೇಲಿನಿಂದ ಕೆಳಗಿನ ಅಂಗಡಿಗೆ ದಿನಕ್ಕೆ ಐವತ್ತು ಸಲ ಇಳಿದು ಬರುತ್ತಿದ್ದದ್ದು. ಅವಳು ತುಟಿ ಅಗಲಿಸಿ, ಹಣೆ ಬೆವರುವಷ್ಟು ಪ್ರಯತ್ನಪಟ್ಟಳು. ಗಾಳಿ ಬಂತು, ಅಕ್ಷರ ಬರಲಿಲ್ಲ. ಟೈಲರ್ "ಅವಸರ ಏನಿಲ್ಲ ಬಿಡು" ಅಂದು ಕೆಳಗೆ ಹೋಗಿ, ಹೊಲಿದಿದ್ದ ತೋಳನ್ನೇ ಮತ್ತೊಮ್ಮೆ ಹೊಲಿದ.

ಮುಂದಿನ ಸಭೆಯಲ್ಲಿ ಎಲ್ಲರಿಗೂ ಡೇಲಿಯಾ ಹೂವಿನ ಬೀಜದ ಒಂದೊಂದು ಪೊಟ್ಟಣ ಕೊಟ್ಟರು. ಟೈಲರ್ ಅದನ್ನು ತಂದು ಹೆಂಡತಿಯ ಕೈಗಿಟ್ಟ. ಶಾಲೆಯ ಸಮವಸ್ತ್ರದ ಹೊಲಿಗೆ ತಲೆಯ ಮೇಲೆ ಕೂತಿದ್ದರಿಂದ ಆಮೇಲೆ ಆ ಪೊಟ್ಟಣದ ನೆನಪೇ ಅವನಿಗಾಗಲಿಲ್ಲ.

ಅದರ ಮುಂದಿನ ತಿಂಗಳು ಹೆಡ್‌ಮಿಸ್ಟ್ರೆಸ್ ಕಳೆಯ ಬಗ್ಗೆ ಮಾತಾಡಿದರು. ಮೇಜು ಕುಟ್ಟಿ ಮಾತಾಡಿದರು. "ಅಯ್ಯೋ ಪಾಪ ಅಂದ್ರೆ ಗಿಡ ಹೋಯ್ತು. ಚಿಕ್ಕದಿರುವಾಗಲೇ ಕಿತ್ತು ಬಿಸಾಡಿ!" ಟೈಲರ್ ಆ ಮಾತಿನ ಕೆಳಗೆ ಎರಡು ಗೆರೆ ಎಳೆದುಕೊಂಡ. ಮನೆಗೆ ಬಂದಾಗ ಹೆಂಡತಿ ಮಲಗಿದ್ದಳು. ಬಾಲ್ಕನಿಗೆ ಹೋಗಿ ನೋಡಿದರೆ, ಮೂರು ಅಗಲ ಕುಂಡಗಳ ತುಂಬ ಯಾರೂ ಹೇಳದೆ ಕೇಳದೆ ಎದ್ದಿದ್ದ ಹಸಿರು ಮೊಳಕೆಗಳು. ಅಲ್ಲೇ ಬಿದ್ದಿದ್ದ ಅಡುಗೆಮನೆಯ ಚಮಚವನ್ನು ಬದಿಗೆ ಸರಿಸಿ, ಪಂಚೆ ಎತ್ತಿ ಕಟ್ಟಿ ಕೂತ. ದಾರದ ತುದಿ ಕೀಳುವಷ್ಟೇ ಶುದ್ಧವಾಗಿ ಒಂದನ್ನೂ ಬಿಡದೆ ಕಿತ್ತು, ತರಕಾರಿ ಸಿಪ್ಪೆಯ ಬಕೆಟ್ಟಿಗೆ ಹಾಕಿ, ಮಣ್ಣನ್ನು ಅಂಗೈಯಿಂದ ಸಮ ಮಾಡಿದ. ಅವಳು ಎದ್ದು ನೋಡಿದರೆ ಖುಷಿಪಡುತ್ತಾಳೆ ಅಂದುಕೊಂಡ.

ಗೋಡೆ ಹಿಡಿದು, ಕಾಲೆಳೆದುಕೊಂಡು ಅವಳು ಬಾಗಿಲಿಗೆ ಬಂದಳು. ಖಾಲಿ ಕುಂಡಗಳನ್ನು ನೋಡಿದಳು. ಬಕೆಟ್ಟನ್ನು ನೋಡಿದಳು. ಕುತ್ತಿಗೆಯ ನರ ಉಬ್ಬಿತು.

"ಕ... ಕ..."

"ಏನು? ಕಾಫಿನಾ?"

"ಕತ್ತೆ!"

ಟೈಲರನ ಕೈ ಮಣ್ಣಿನ ಮೇಲೆ ಹಾಗೇ ನಿಂತಿತು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಏಕವಚನದಲ್ಲಿ ಕರೆದವಳಲ್ಲ.

"ಇನ್ನೊಂದ್ ಸಲ ಹೇಳು," ಅಂದ.

"ಕತ್ತೆ!" ಅಂದಳು ಅವಳು, ಈ ಸಲ ಅಳುತ್ತಾ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಕಾಗದ ತೆಗೆದು ಅವನ ಮೇಲೆ ಎಸೆದಳು. ಡೇಲಿಯಾ ಬೀಜದ ಪೊಟ್ಟಣ. ಖಾಲಿ.

ಆಗ ಅವನಿಗೆ ಅಡುಗೆಮನೆಯ ಚಮಚ ಬಾಲ್ಕನಿಯಲ್ಲಿ ಯಾಕೆ ಬಿದ್ದಿತ್ತು ಅನ್ನುವುದು ಹೊಳೆಯಿತು. ಅವನು ಕೆಳಗೆ ಮಿಷನ್ ತುಳಿಯುತ್ತಿದ್ದ ಮಧ್ಯಾಹ್ನಗಳಲ್ಲಿ, ರೂಢಿಯಿಲ್ಲದ ಎಡಗೈಯಲ್ಲಿ ಚಮಚ ಹಿಡಿದು, ಮೂರು ಕುಂಡಕ್ಕೆ ಮಣ್ಣು ತುಂಬಿ ಅವಳು ಬಿತ್ತಿದ್ದಳು. ಎಷ್ಟು ದಿನ ಹಿಡಿಯಿತೋ. ಕಾಯಿಲೆಯ ಮೇಲೆ ಅವಳು ತಾನಾಗಿ ಮಾಡಿದ ಮೊದಲ ಕೆಲಸ ಅದು. ಹೇಳಲು ಬಾಯಿರಲಿಲ್ಲ, ಅಷ್ಟೆ.

ಟೈಲರ್ ಬಕೆಟ್ಟನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು, ಸಿಪ್ಪೆಗಳ ನಡುವಿನಿಂದ ಸಸಿಗಳನ್ನು ಒಂದೊಂದಾಗಿ ಆರಿಸಿದ. ಅರ್ಧಕ್ಕರ್ಧ ಮುರಿದಿದ್ದವು. ಬೇರು ಉಳಿದಿದ್ದವು ನಲವತ್ತು ಚಿಲ್ಲರೆ. ಕೆಳಗೋಡಿ, ಕಾಲರಿನ ಮೂಲೆ ತಿರುವುವ ಮರದ ಕಡ್ಡಿ, ಅಳತೆಯ ಟೇಪು, ಸಸಿಗಳಿಗೆ ನೆರಳು ಕಟ್ಟಲು ಒಂದು ತುಂಡು ತೆಳು ಮಲ್ ಬಟ್ಟೆ ತಂದ. ಟೇಪು ಹಿಡಿದು ಎರಡೆರಡು ಇಂಚಿಗೆ ಕಡ್ಡಿಯಿಂದ ತೂತು ಮಾಡಿದ. ಕೂದಲೆಳೆಯಷ್ಟು ತೆಳುವಾದ ಬೇರನ್ನು ಅದರೊಳಗೆ ಇಳಿಬಿಟ್ಟ. ಅವಳು ಬಾಗಿಲಿಗೆ ಒರಗಿ ಎಡಗೈಯಲ್ಲಿ ತೋರಿಸುತ್ತಿದ್ದಳು: ಇನ್ನಷ್ಟು ಆಳಕ್ಕೆ, ಅಷ್ಟು ಒತ್ತಬೇಡ. ಒತ್ತಿದಾಗಲೆಲ್ಲ "ಕತ್ತೆ" ಅಂದಳು. ಕತ್ತಲಾಗುವ ಹೊತ್ತಿಗೆ ಅದು ಬೈಗುಳದ ಹಾಗೆ ಕೇಳುತ್ತಿರಲಿಲ್ಲ.

ಎರಡು ಬೀದಿಯಾಚೆ ಇದ್ದ ಮಗಳಿಗೆ ಫೋನ್ ಮಾಡಿದ.

"ಅಮ್ಮ ಮಾತಾಡಿದ್ಲು ಪುಟ್ಟಿ."

"ನಿಜಾನಾ ಅಪ್ಪ? ಏನಂದ್ಲು?"

"ನನ್ನ ಕತ್ತೆ ಅಂದ್ಲು."

ಆ ಕಡೆಯಿಂದ ಮೊದಲು ನಗು, ಆಮೇಲೆ ಬಿಕ್ಕು. ಮಗಳು ಹತ್ತು ನಿಮಿಷದಲ್ಲಿ ಮನೆಗೆ ಬಂದಳು. ಚಪ್ಪಲಿ ಕಾಲಲ್ಲೇ ಒಳಗೆ ಬಂದವಳನ್ನು ಯಾರೂ ಬೈಯಲಿಲ್ಲ.

ನೆಟ್ಟದ್ದರಲ್ಲಿ ಉಳಿದವು ಹನ್ನೊಂದು.

ಮುಂದಿನ ಸಭೆಯಲ್ಲಿ ಟೈಲರ್ ಎದ್ದು ನಿಂತು, ತನ್ನ ತಪ್ಪನ್ನೂ ಅವಳ ಮಾತನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದ. ಇಪ್ಪತ್ತಮೂರು ಜನರ ಮುಂದೆ ಅವನು ಅಷ್ಟು ಉದ್ದಕ್ಕೆ ಮಾತಾಡಿದ್ದು ಜೀವನದಲ್ಲೇ ಮೊದಲು. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಡ್‌ಮಿಸ್ಟ್ರೆಸ್ ಮಾತ್ರ ನಗಲಿಲ್ಲ, ತಲೆ ಬಗ್ಗಿಸಿ ನಡಾವಳಿ ಪುಸ್ತಕದಲ್ಲಿ ಬರೆದರು: "ಸದಸ್ಯೆಗೆ ಮಾತು ಮರಳಿದೆ. ಸಭೆ ಸಂತೋಷ ವ್ಯಕ್ತಪಡಿಸಿತು." ಯಾವ ಮಾತು ಅಂತ ಬರೆಯಲಿಲ್ಲ. ಸಭೆ ಮುಗಿದ ಮೇಲೆ ಅವನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಕಳೆ ಯಾವುದು ಸಸಿ ಯಾವುದು ಅಂತ ಮೊದಲು ಹೇಳಿಕೊಡಬೇಕಿತ್ತು. ತಪ್ಪು ನಂದೂ ಇದೆ," ಅಂದರು.

ಸಿಟ್ಟಿನ ಮಾತಿಗೆ ಬೇರೆ ದಾರಿ ಇರುತ್ತೆ, ಉಳಿದವೂ ಬರಬಹುದು ಅಂತ ಮಾತು ಕಲಿಸುವ ಹುಡುಗಿ ಧೈರ್ಯ ಹೇಳಿದಳು. "ನೀರು" ಬಂತು. "ಹುಳ" ಬಂತು. "ಸಾಕು" ಬಂತು. ಆ "ಸಾಕು" ಕೇಳುವ ಆಸೆಗೆ ಟೈಲರ್ ಬೇಕೆಂದೇ ಮಗ್ಗನ್ನು ಬಗ್ಗಿಸಿ ಹಿಡಿಯುತ್ತಿದ್ದ. ನಾಲ್ಕನೆಯ ದಿನ ಅವಳಿಗೆ ಅವನ ಆಟ ಗೊತ್ತಾಯಿತು. ಮಗ್ಗು ಕಿತ್ತುಕೊಂಡು ಉಳಿದ ನೀರನ್ನು ಅವನ ಪಾದದ ಮೇಲೆ ಸುರಿದಳು.

ಎಲ್ಲ ದಿನವೂ ಹಾಗಿರಲಿಲ್ಲ. ಚಳಿ ಬಿದ್ದ ಮೇಲೆ ಮೂರು ವಾರ ಹೊಸ ಪದ ಒಂದೂ ಬರಲಿಲ್ಲ, ಬಂದಿದ್ದವೂ ಕಚ್ಚಿಕೊಂಡವು. ಅವಳು ಬಾಲ್ಕನಿಯ ಬಾಗಿಲು ಹಾಕಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಗಳು ಬಂದು ಕರೆದರೂ ತಿರುಗಲಿಲ್ಲ. ಟೈಲರ್ ಅಂಗಡಿ ತೆರೆಯದೆ ಒಂದು ದಿನ ಪಕ್ಕದಲ್ಲಿ ಕೂತ. ಮರುದಿನ ಅಂಗಡಿಗೆ ಹೋದ, ಬಂದವರನ್ನು ಅಳತೆ ತೆಗೆಯುತ್ತಾ ಮಾತಾಡಿಸಿದ, ಮಧ್ಯಾಹ್ನ ಮೇಲೆ ಬಂದು ಅವಳ ಬೆನ್ನಿಗೆ ಎಲ್ಲವನ್ನೂ ಹೇಳಿದ. ಕಾಂಪೌಂಡರ್ ಮಗಳಿಗೆ ಗಂಡು ಗೊತ್ತಾಗಿದೆ. ಪೋಸ್ಟ್‌ಮ್ಯಾನ್ ಈಗ ಎರಡು ಇಂಚು ದಪ್ಪಗಾಗಿದ್ದಾನೆ, ಆದರೆ ಒಪ್ಪಿಕೊಳ್ಳುವುದಿಲ್ಲ, ಟೇಪು ಹಳೆಯದು ಅಂತಾನೆ. ಮೂಲೆಮನೆಯ ಅಜ್ಜಿ ಕುಪ್ಪಸಕ್ಕೆ ಗುಟ್ಟಿನ ಜೇಬು ಇಡಿಸಿಕೊಂಡಿದ್ದಾರೆ. ಹೀಗೆ ಎಂಟು ದಿನ. ಒಂಬತ್ತನೆಯ ದಿನ ಅವನು ಸುಮ್ಮನಾದಾಗ ಅವಳು ಈ ಕಡೆ ತಿರುಗಿದಳು.

"ಆಮೇಲೆ?" ಅಂದಳು.

ಅದು ಯಾರೂ ಕಲಿಸಿದ ಪದವಲ್ಲ. ಟೈಲರನಿಗೆ ಆಮೇಲೆ ಏನಾಯಿತು ಅನ್ನುವುದೇ ಮರೆತುಹೋಯಿತು. ಪೋಸ್ಟ್‌ಮ್ಯಾನ್ ಕಥೆಯನ್ನೇ ಮತ್ತೊಮ್ಮೆ ಹೇಳಿದ.

ಒಂದು ಬೆಳಿಗ್ಗೆ ಅವನು ಕೆಳಗೆ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಾಗ ಮೇಲಿನಿಂದ "ರೀ!" ಅಂತ ಕೇಳಿಸಿತು. ಭ್ರಮೆ ಅಂದುಕೊಂಡು ಮಿಷನ್ ನಿಲ್ಲಿಸಿದ. ಮತ್ತೆ ಕೇಳಿಸಿತು, ಹಳೆಯ ರಾಗದಲ್ಲೇ, ಬೇಗ ಬರಬಾರದೇ ಅನ್ನುವ ಹಾಗೆ. ಕೊರಳಲ್ಲಿ ಟೇಪು, ಕೈಯಲ್ಲಿ ಪ್ಯಾಂಟು, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಬಾಲ್ಕನಿಯಲ್ಲಿ ಮೊದಲ ಡೇಲಿಯಾ ಅರಳಿತ್ತು. ಕಡುಗೆಂಪು, ಅಂಗೈ ಅಗಲ. ಅವಳು ಹೂವನ್ನು ತೋರಿಸಿದಳು. ಅವನು ಅವಳನ್ನೇ ನೋಡುತ್ತಾ ನಿಂತಿದ್ದ. ಅವಳು ಅವನ ಗಲ್ಲ ಹಿಡಿದು ಮುಖವನ್ನು ಹೂವಿನ ಕಡೆ ತಿರುಗಿಸಿದಳು.

ಮಾರ್ಚಿನಲ್ಲಿ, ಸಂಘದ ವರ್ಷದ ಕೊನೆಯ ಸಭೆಯ ದಿನ ಲೈಬ್ರರಿಯ ವರಾಂಡದಲ್ಲಿ ಹೂವಿನ ಪ್ರದರ್ಶನ. ಮಗಳು ಒಂದು ಕಡೆ, ಟೈಲರ್ ಒಂದು ಕಡೆ ಹಿಡಿದುಕೊಂಡು ಅವಳನ್ನು ಕರೆತಂದರು. ಹೆಡ್‌ಮಿಸ್ಟ್ರೆಸ್ ಎದ್ದು ಬಂದು ಅವಳ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದರು. ಆಮೇಲೆ ಕುಂಡಕ್ಕೆ ಅಂಟಿಸುವ ಚೀಟಿ ತೆಗೆದರು.

"ಯಾರ ಹೆಸರಲ್ಲಿ ಬರೆಯೋಣ? ಬಿತ್ತಿದವರದಾ, ಕಿತ್ತವರದಾ?"

"ಇಬ್ರದೂ," ಅಂದಳು ಅವಳು.

ಬಹುಮಾನ ಬಂದದ್ದು ಡ್ರೈವರನ ಗುಲಾಬಿಗೆ. ಡೇಲಿಯಾದ ಕಾಂಡ ಒಂದು ಕಡೆ ವಾಲಿದೆ ಅಂತ ತೀರ್ಪುಗಾರರು ಮುಂದೆ ಹೋಗಿಬಿಟ್ಟರು. ಆಸರೆಗೆ ನೆಟ್ಟ ಕೋಲಿಗೆ ಕಾಂಡ ಕಟ್ಟಿದ್ದ ಬಟ್ಟೆಪಟ್ಟಿಗೆ ಅಂಚು ಮಡಿಸಿ ಕೈಹೊಲಿಗೆ ಹಾಕಿದ್ದನ್ನು ಅವರು ಗಮನಿಸಲಿಲ್ಲ. ಸಂಘದ ಹೆಂಗಸರು ಗಮನಿಸಿದರು. ಒಬ್ಬೊಬ್ಬರಾಗಿ ಬಂದು ಬೆರಳಿಂದ ಮುಟ್ಟಿ ನೋಡಿದರು. ಸಭೆ ಶುರುವಾದಾಗ ಅವಳು ಕಿಟಕಿ ಪಕ್ಕ ಕೂತಳು. ಟೈಲರ್ ಬಾಗಿಲ ಹತ್ತಿರ ನಿಲ್ಲಲು ಹೋದರೆ, ಡ್ರೈವರ್ ಓದುವ ಕೋಣೆಯಿಂದ ಒಂದು ಸ್ಟೂಲ್ ಹೊತ್ತು ತಂದು ಅವಳ ಪಕ್ಕ ಇಟ್ಟ. ಹೆಡ್‌ಮಿಸ್ಟ್ರೆಸ್ ಅದನ್ನು ನೋಡಿದರು. "ಸ್ಟೂಲಿನ ಬಗ್ಗೆ ನಿಯಮದಲ್ಲಿ ಏನೂ ಇಲ್ಲ," ಅಂದು ಹಾಜರಿ ಕರೆಯತೊಡಗಿದರು.

ವಾಪಸು ಬರುವಾಗ ಮಗಳು ಕುಂಡ ಹೊತ್ತುಕೊಂಡು ಮುಂದೆ ಹೋದಳು. ಇವರಿಬ್ಬರೂ ಹತ್ತು ಹೆಜ್ಜೆಗೊಮ್ಮೆ ನಿಂತು ನಿಂತು ಬಂದರು. ಬ್ಯಾಂಕಿನ ಮ್ಯಾನೇಜರ ಮನೆಯ ಬೇಲಿಯಾಚೆಯಿಂದ ಒಂದು ಬಳ್ಳಿ ರಸ್ತೆಗೆ ಇಣುಕಿತ್ತು, ತುದಿಯಲ್ಲಿ ತಿಳಿನೀಲಿ ಹೂ. ಅವಳು ಸುಸ್ತಾದವಳ ಹಾಗೆ ಬೇಲಿಗೆ ಒರಗಿದಳು. ರಸ್ತೆಯ ಆ ಕಡೆ ಒಮ್ಮೆ ನೋಡಿದಳು, ಈ ಕಡೆ ಒಮ್ಮೆ ನೋಡಿದಳು. ಎಡಗೈಯ ಉಗುರಿನಿಂದ ನೆಡಲು ಆಗುವಂಥ ಗೇಣುದ್ದ ಕಡ್ಡಿಯನ್ನು ಚಟಕ್ಕನೆ ಮುರಿದು ಗಂಡನ ಅಂಗಿಯ ಜೇಬಿಗೆ ತುರುಕಿದಳು.

"ಏ, ಯಾರಾದ್ರೂ ನೋಡ್ತಾರೆ!" ಅಂದ ಟೈಲರ್ ಗಾಬರಿಯಿಂದ.

"ನಡೀರಿ, ನಡೀರಿ," ಅಂದಳು ಅವಳು, ಅವನ ತೋಳು ಹಿಡಿದು ಕಾಲೆಳೆಯುತ್ತಾ, ತನಗಾದಷ್ಟು ಬೇಗ.